ನೀಡುವ ಕೈಯೂ ಬೇಡುವ ಮನವೂ



ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಿಂದ ತುಸು ಒಳಗೆ, ಕೆರೆಯ ದಡದಲ್ಲಿ, ದೊಡ್ಡಗದ್ದವಳ್ಳಿಯೆಂಬ ಗ್ರಾಮವಿದೆ. ಅಲ್ಲಿಯ ಲಕ್ಷ್ಮೀದೇವಿಯ ದೇವಾಲಯವು ಹೊಯ್ಸಳ ಶೈಲಿಯ ಮೊದಮೊದಲ ಕಟ್ಟಡಗಳಲ್ಲೊಂದು. ವಿಷ್ಣುವರ್ಧನನು ಆಳುತ್ತಿದ್ದಾಗ, ಕ್ರಿ. ಶ. 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಮಡದಿ ಸಹಜಾದೇವಿಯೂ ಇದನ್ನು ಕಟ್ಟಿಸಿದರು. ಬಳಪದ ಕಲ್ಲಿನ ಈ ಗುಡಿಯ ವಿಶೇಷವೇನೆಂದರೆ, ನಾಲ್ಕು ಗರ್ಭಗುಡಿಗಳು ಒಂದೇ ಸೂರಿನ ಕೆಳಗೆ ಸೇರಿಕೊಂಡಿರುವುದು. ಅವುಗಳಲ್ಲಿ ಒಂದು ಸಿರಿಯನ್ನೀಯುವ ಮಹಾಲಕ್ಷ್ಮಿಯದು, ಇನ್ನೊಂದು ಕಾಳಿಯದು. ಕಾಳಿಯ ಬಾಗಿಲಿನ ಇಕ್ಕೆಲದಲ್ಲಿ ಆಳೆತ್ತರದ ಬೇತಾಳಗಳು ನಿಂತಿವೆ. ಲಕ್ಷ್ಮಿಗೆ ಕೈಮುಗಿದು ಹಿಂದಿರುಗುವ ಯಾತ್ರಿಕನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬೇತಾಳಗಳ ಮುಂದೆ ನಿಂತಿರುವನು.

ಭಕ್ತರ ಪಾಲಿಗೆ ಕಾಳಿಯೂ ತಾಯಿಯೇ, ಅದರಲ್ಲಿ ವಿವಾದವಿಲ್ಲ. ಆದರೆ ದೇಹವನ್ನೇ ದೇಗುಲವೆಂದು ಬಗೆದ ಶರಣರ ಮಾರ್ಗದಲ್ಲಿ ನಡೆಯುವ ನಾವು ಆ ಕಲ್ಲಿನ ಗುಡಿಯನ್ನು ಒಂದು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ನಮ್ಮ ಮನಸ್ಸೆಂಬ ಮಂಟಪದಲ್ಲಿಯೂ ನೀಡುವವಳೊಬ್ಬಳು ಇರುವಳು. ಅದೇ ಸೂರಿನ ಕೆಳಗೆ, ಇನ್ನೊಂದು ಬಾಗಿಲಲ್ಲಿ, ಸಲ್ಲಬೇಕಾದುದು ಸಲ್ಲಲಿಲ್ಲವೆಂದು ಹಲ್ಲುಕಡಿಯುವ ಬೇತಾಳವೂ ನಿಂತಿರುವುದು. ಪರರಿಗೆ ಉಪಕಾರಮಾಡುವುದರಲ್ಲಿಯೇ ಜೀವವನ್ನು ಸವೆಯಿಸುವ ಸಜ್ಜನರಲ್ಲಿ ಈ ಎರಡು ಬಾಗಿಲುಗಳು ತೀರ ಹತ್ತಿರವಾಗಿರುತ್ತವೆ. ಇಂದಿನ ನಮ್ಮ ವಿಚಾರವು ಅವರನ್ನು ಕುರಿತದ್ದು.

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿರಿ. ಹೆಸರು ಬೇಡ, ಅಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಕೋಳಿ ಕೂಗುವ ಮೊದಲೇ ಎದ್ದು, ಸ್ನಾನ ಲಿಂಗಪೂಜೆಗಳನ್ನು ಮುಗಿಸಿ, ಒಲೆಯ ಮುಂದೆ ಕೂತರೆ ಮನೆಮಂದಿಗೆಲ್ಲ ಬಡಿಸಿದ ಮೇಲೆಯೇ ಅವರು ಏಳುವುದು. ನೆರೆಮನೆಯಲ್ಲಿ ಬಾಣಂತಿಯಿದ್ದರೆ ಬಿಸಿನೀರಿಗೆ ಅವರೇ, ಓಣಿಯಲ್ಲಿ ಮದುವೆಯಿದ್ದರೆ ಅಡಿಗೆಯ ಮೇಲ್ವಿಚಾರಣೆಗೆ ಅವರೇ, ಸಾವಾದ ಮನೆಗೆ ಮೊದಲು ಹೋಗುವವರೂ ಅವರೇ. ಎದುರಿಗೆ ಬಂದವರನ್ನೆಲ್ಲ "ಉಂಡಿರಾ?" ಎಂದು ಕೇಳುವರು, ತಾವು ಉಣ್ಣಲಿಲ್ಲವೆಂದು ಒಮ್ಮೆಯಾದರೂ ಹೇಳಿದವರಲ್ಲ. ಸೊಸೆಯು ಒಲೆಯ ಬಳಿಗೆ ಬಂದರೆ, "ನೀನು ಸುಮ್ಮನಿರವ್ವ, ನಾನೇ ಮಾಡ್ತೀನಿ" ಎಂದು ಕಳುಹಿಸುವರು. ಊರವರೆಲ್ಲ ಅವರನ್ನು ಅನ್ನಪೂರ್ಣೆಯೆಂದು ಹೊಗಳುವರು.

ಹೀಗಿರಲು ಒಂದು ದಿನ ಆ ತಾಯಿಗೆ ಜ್ವರ ಬರುತ್ತದೆ. ಮಲಗುವರು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, "ಹೇಗಿದ್ದೀರಿ?" ಎಂದು ಕೇಳಲು ಯಾರೂ ಬರಲಿಲ್ಲ. ಬಾರದಿದ್ದುದು ಊರಿನವರ ಕ್ರೌರ್ಯದಿಂದಲ್ಲ. ಈ ತಾಯಿಗೂ ಏನಾದರೂ ಬೇಕಾಗಬಹುದೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಬರದಂತೆ ಅವರೇ ಮೂವತ್ತು ವರುಷ ಎಚ್ಚರವಹಿಸಿದ್ದರು. ಮೂರನೆಯ ದಿನ ಸೊಸೆಯು ಹಾಲಿನ ಲೋಟವನ್ನು ತುಸು ತಡವಾಗಿ ತಂದಳೆಂಬುದೇ ನೆಪವಾಗಿ ಆ ಮೃದುವಾದ ಬಾಯಿಂದ ಲೆಕ್ಕವು ಹೊರಬೀಳುತ್ತದೆ: ಯಾರ ಹೆರಿಗೆಗೆ ಎಷ್ಟು ರಾತ್ರಿ ನಿದ್ದೆಗೆಟ್ಟದ್ದು, ಯಾರ ಮನೆಗೆ ಎಷ್ಟು ಸೇರು ಅಕ್ಕಿ ಕೊಟ್ಟದ್ದು, ಯಾವ ಜಾತ್ರೆಯಲ್ಲಿ ಯಾರು ತಮ್ಮನ್ನು ಮಾತನಾಡಿಸದೆ ಹೋದದ್ದು. ಕೇಳಿದವರು ಬೆರಗಾಗುವರು. ಇಷ್ಟು ವರುಷ ಲಕ್ಷ್ಮಿಯ ಬಾಗಿಲನ್ನಷ್ಟೆ ಕಂಡವರಿಗೆ ಅಂದು ಇನ್ನೊಂದು ಬಾಗಿಲು ತೆರೆದಿತ್ತು.

ಗಂಡಸರಲ್ಲಿಯೂ ಇಂಥವರಿಲ್ಲದಿಲ್ಲ. ಅರಕಲಗೂಡಿನಲ್ಲಿಯೋ ಚನ್ನರಾಯಪಟ್ಟಣದಲ್ಲಿಯೋ ಹೊಳೆನರಸೀಪುರದಲ್ಲಿಯೋ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಊರವರ ಪಹಣಿ, ಪಿಂಚಣಿ, ಸಾಲದ ಕಾಗದಗಳನ್ನೆಲ್ಲ ಮಾಡಿಸಿಕೊಡುವ ಹಿರಿಯರು ನಿಮ್ಮೂರಿನಲ್ಲಿಯೂ ಇದ್ದಾರು. ಕಾಸನ್ನು ಮುಟ್ಟುವವರಲ್ಲ. ಆದರೆ ರಥೋತ್ಸವದ ದಿನ ಮುಂದಿನ ಸಾಲಿನಲ್ಲಿ ಕೂರಿಸದಿದ್ದರೆ ಆರು ತಿಂಗಳು ಮುಖ ತಿರುಗಿಸುವರು. ಕಾಸಿನ ಲಂಚವನ್ನು ಗೆದ್ದವರನ್ನು ಕೃತಜ್ಞತೆಯ ಲಂಚವು ಗೆದ್ದಿರುತ್ತದೆ.

ಮಾನವ ಸ್ವಭಾವವನ್ನು ಒಂಬತ್ತು ಬಗೆಯಾಗಿ ವಿಂಗಡಿಸುವ ಎನ್ನಿಯಾಗ್ರಾಮ್ ಎಂಬ ಪದ್ಧತಿಯೊಂದು ಈಚಿನ ದಶಕಗಳಲ್ಲಿ ಪಶ್ಚಿಮದೇಶಗಳಲ್ಲಿ ಬಳಕೆಗೆ ಬಂದಿದೆ. ಗ್ರೀಕ್ ಭಾಷೆಯಲ್ಲಿ ಎನ್ನಿಯಾ ಎಂದರೆ ಒಂಬತ್ತು. ವೃತ್ತವೊಂದರ ಮೇಲೆ ಒಂಬತ್ತು ಬಿಂದುಗಳನ್ನಿಟ್ಟು ಗೆರೆಗಳಿಂದ ಜೋಡಿಸಿದ ಚಿತ್ರವದು. ಆ ಚಿತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಗುರ್ಜಿಯೆಫ್ ಎಂಬ ಸಾಧಕನು ತನ್ನ ಶಿಷ್ಯರಿಗೆ ಬೋಧಿಸಿದನು. ಬೊಲಿವಿಯಾ ದೇಶದಲ್ಲಿ ಹುಟ್ಟಿದ ಆಸ್ಕರ್ ಇಚಾಜೋ ಎಂಬಾತನು ಒಂದೊಂದು ಬಿಂದುವಿಗೆ ಒಂದೊಂದು ಮನೋವಿಕಾರವನ್ನು ಹೊಂದಿಸಿ, 1970ರ ಸುಮಾರಿಗೆ ಚಿಲಿ ದೇಶದ ಆರಿಕಾ ನಗರದಲ್ಲಿ ಉಪದೇಶಿಸಿದನು. ಅಲ್ಲಿ ಕಲಿತ ಮನೋವೈದ್ಯ ಕ್ಲಾಡಿಯೋ ನರಾಂಜೋ ಅದನ್ನು ಮುಂದಕ್ಕೆ ಬೆಳೆಸಿದನು. ಇದು ಪ್ರಯೋಗಗಳಿಂದ ಪೂರ್ಣವಾಗಿ ಸ್ಥಿರಪಟ್ಟ ಶಾಸ್ತ್ರವೆಂದು ಮನಶ್ಶಾಸ್ತ್ರಜ್ಞರು ಒಪ್ಪಿಲ್ಲ. ಆದರೂ ಮುಖ ನೋಡಿಕೊಳ್ಳಲು ಒಂದು ಕನ್ನಡಿಯಾಗಿ ಇದನ್ನು ಬಳಸಲು ಅಡ್ಡಿಯಿಲ್ಲ.

ಈ ಒಂಬತ್ತರಲ್ಲಿ ಎರಡನೆಯವನು ಉಪಕಾರಿ. ಆತನ ಲಕ್ಷಣವೇನು? ಪರರ ಕೊರತೆಯು ಅವರು ಬಾಯಿಬಿಡುವ ಮೊದಲೇ ಆತನಿಗೆ ತಿಳಿಯುವುದು. ತನ್ನ ಕೊರತೆಯು ಮಾತ್ರ ತಿಳಿಯದು. ಪ್ರೀತಿಯು ಸುಮ್ಮನೆ ದೊರೆಯುವ ವಸ್ತುವಲ್ಲ, ಉಪಯೋಗಕ್ಕೆ ಬಿದ್ದವನಿಗೆ ಮಾತ್ರ ಅದು ದೊರೆಯುವುದೆಂದು ಆತನು ಎಳವೆಯಲ್ಲಿಯೇ ನಂಬಿಬಿಟ್ಟಿರುವನು. ತಾನು ಯಾರಿಗೂ ಬೇಡವಾಗುವೆನೋ ಎಂಬುದು ಆತನ ಮೂಲಭಯ. ಆದ್ದರಿಂದ ತಾನಿಲ್ಲದೆ ಯಾರಿಗೂ ನಡೆಯದಂತೆ ಮಾಡಿಕೊಳ್ಳುವುದು ಆತನ ಉಪಾಯ. ಒಬ್ಬೊಬ್ಬರ ಮುಂದೆ ಅವರವರಿಗೆ ಹಿತವಾಗುವಂತೆ ನಡೆಯುತ್ತ ನಡೆಯುತ್ತ ತನ್ನ ನಿಜವಾದ ಬೇಕು ಬೇಡಗಳನ್ನೇ ಆತನು ಮರೆತುಬಿಡುವನು.

ಇಂಥ ಉಪಕಾರಿಗೆ ಆ ಪದ್ಧತಿಯವರು ಹೇಳುವ ಮೂಲದೋಷವು ಯಾವುದು ಬಲ್ಲಿರಾ? ಅಹಂಕಾರ. ಕೇಳಿದೊಡನೆ ಇದು ವಿಪರೀತವೆನಿಸಬಹುದು. ಎಲ್ಲರ ಎಂಜಲೆಲೆಯನ್ನೆತ್ತುವವನಿಗೆ ಅಹಂಕಾರವೆಲ್ಲಿಯದು? ಯೋಚಿಸಿರಿ: "ನಿಮಗೆಲ್ಲ ನಾನು ಬೇಕು, ನನಗೆ ಯಾರೂ ಬೇಕಾಗಿಲ್ಲ" ಎಂಬ ಭಾವಕ್ಕಿಂತ ದೊಡ್ಡ ಅಹಂಕಾರ ಯಾವುದಿದೆ? ಸರ್ವರಿಗೂ ನೀಡುತ್ತ ಯಾರಿಂದಲೂ ಏನನ್ನೂ ಅಪೇಕ್ಷಿಸದಿರುವುದು ಶಿವನೊಬ್ಬನಿಗೆ ಸಲ್ಲುವ ಪದವಿ. ಆ ಪೀಠದ ಮೇಲೆ ಜೀವನು ಹತ್ತಿ ಕೂತರೆ ಬೀಳದೆ ಇನ್ನೇನಾದೀತು? ಒತ್ತಡವು ಮಿತಿಮೀರಿದಾಗ ಎರಡನೆಯವನು ಎಂಟನೆಯವನ ದರ್ಪವನ್ನು ತಾಳುವನೆಂದೂ, ಪಕ್ವವಾದಾಗ ನಾಲ್ಕನೆಯವನಂತೆ ತನ್ನ ಒಳಗಿನ ನೋವನ್ನು ನೇರವಾಗಿ ಕಾಣುವನೆಂದೂ ಆ ಚಿತ್ರದ ಗೆರೆಗಳು ಸೂಚಿಸುತ್ತವೆ. ಎಂಟನೆಯವನೆಂದರೆ ಎದುರುಬಿದ್ದು ಆಳಬಯಸುವವನು. ಜ್ವರದ ಮೂರನೆಯ ದಿನ ನಮ್ಮ ತಾಯಿಯಲ್ಲಿ ಕಾಣಿಸಿದ್ದು ಇದೇ ರೂಪ.

ಜರ್ಮನಿಯ ವೋಲ್ಫ್‌ಗಾಂಗ್ ಶ್ಮಿಡ್‌ಬಾವರ್ ಎಂಬ ಮನೋವಿಶ್ಲೇಷಕನು 1977ರಲ್ಲಿ ಇದೇ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. "ಅಸಹಾಯಕರಾದ ಸಹಾಯಕರು" ಎಂಬುದು ಅದರ ಹೆಸರಿನ ಅರ್ಥ. ಪರರ ಸೇವೆಯನ್ನೇ ವೃತ್ತಿಯಾಗಿ ಹಿಡಿದವರಲ್ಲಿ ಕೆಲವರು ತಮ್ಮೊಳಗಿನ ಹಸಿವನ್ನು ಎದುರಿಸಲಾರದೆ ಪರರ ಹಸಿವನ್ನು ತಣಿಸುವುದರಲ್ಲಿ ಮುಳುಗಿರುತ್ತಾರೆಂಬುದನ್ನು ಆತನು ತೋರಿಸಿಕೊಟ್ಟನು.

ಇಷ್ಟು ದೂರದ ದೇಶದವರು ಇಷ್ಟು ಈಚೆಗೆ ಗುರುತಿಸಿದ ಈ ರೋಗವನ್ನು ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಂಡಿದ್ದರು. ನೀಡಿದವನ ಮನದಲ್ಲಿ ತಾನು ನೀಡಿದೆನೆಂಬ ನೆನಹು ಮೂಡಿದೊಡನೆ ಶಿವನು ಅವನನ್ನು ಕಾಡದೆ ಬಿಡನೆಂಬ ಎಚ್ಚರವನ್ನು ಬಸವಣ್ಣನವರು ತಮ್ಮ ವಚನದಲ್ಲಿ ಇತ್ತಿರುವರು. ಅದು ಪರರಿಗೆ ಮಾತ್ರ ಹೇಳಿದ ಮಾತಲ್ಲ. ಮೋಳಿಗೆಯ ಮಾರಯ್ಯನವರ ಚರಿತೆಯು ಇದಕ್ಕೆ ಸಾಕ್ಷಿ.

ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆಯನ್ನು ತಂದು ಮಾರಿ, ಬಂದುದರಲ್ಲಿ ಜಂಗಮ ದಾಸೋಹವನ್ನು ನಡೆಯಿಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಅವರ ಬಡತನಕ್ಕೆ ಮರುಗಿದ ಬಸವಣ್ಣನವರು, ಮಾರಯ್ಯನವರು ಮನೆಯಲ್ಲಿಲ್ಲದ ವೇಳೆಯಲ್ಲಿ ಗುರುತು ಮರೆಸಿಕೊಂಡು ಹೋಗಿ, ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸ್ವೀಕರಿಸಿ, ಯಾರಿಗೂ ತಿಳಿಯದಂತೆ ಹೊನ್ನಿನ ಜಾಳಿಗೆಗಳನ್ನು ಅಲ್ಲಿ ಇರಿಸಿ ಬಂದರು. ಹೊರೆಯನ್ನಿಳುಹಿ ಒಳಗೆ ಬಂದ ಮಾರಯ್ಯನವರು ಹೊನ್ನನ್ನು ಕಂಡು ಹಿಗ್ಗಲಿಲ್ಲ. ಜಂಗಮರನ್ನು ಕರೆದು ಅದಷ್ಟನ್ನೂ ಕೊಟ್ಟುಬಿಟ್ಟರು. ತಮ್ಮ ಕಾಯಕವು ಸಾಲದೆಂದು ಒಬ್ಬರು ಬಗೆದುದು ಅವರನ್ನು ನೋಯಿಸಿತ್ತು. ವಿಷಯ ತಿಳಿದ ಬಸವಣ್ಣನವರು ತಮ್ಮ ಉಪಕಾರದಲ್ಲಿ ಅಡಗಿದ್ದ ಸೂಕ್ಷ್ಮವಾದ ಹಿರಿಮೆಯನ್ನು ಕಂಡುಕೊಂಡು, ಮಾರಯ್ಯನವರ ಮನೆಬಾಗಿಲಿಗೆ ಬಂದು ಶರಣಾದರು.

ಇಲ್ಲಿ ಗಮನಿಸತಕ್ಕದ್ದೇನು? ಕಲ್ಯಾಣದ ಭಂಡಾರಿಯ ಕರುಣೆಯು ಸುಳ್ಳಾಗಿರಲಿಲ್ಲ. ಹೊನ್ನು ಖೋಟಾ ಆಗಿರಲಿಲ್ಲ. ಹೆಸರಿನ ಆಸೆಯೂ ಇರಲಿಲ್ಲ, ಗುಪ್ತವಾಗಿಯೇ ಇಟ್ಟು ಬಂದಿದ್ದರು. ಆದರೂ ಒಂದು ತಪ್ಪು ನಡೆದಿತ್ತು. ಪಡೆಯುವವನನ್ನು ಅವರು ಕೇಳಿರಲಿಲ್ಲ. ಎದುರಿಗಿರುವವನು ನಮ್ಮ ಕರುಣೆಗೆ ಪಾತ್ರನೆಂದು ನಾವೇ ತೀರ್ಮಾನಿಸಿದ ಗಳಿಗೆಯಲ್ಲಿ ಅವನು ನಮಗಿಂತ ಕೆಳಗಾದನು. ಆ ಗಳಿಗೆಯಲ್ಲಿಯೇ ದಾಸೋಹವು ಬರಿಯ ಉಪಕಾರವಾಗಿ ಇಳಿದುಹೋಯಿತು. ಬಸವಣ್ಣನವರ ಹಿರಿತನವು ಹೊನ್ನನ್ನು ಇಟ್ಟುದರಲ್ಲಿ ಅಲ್ಲ, ತಪ್ಪನ್ನು ಕಂಡೊಡನೆ ಬಾಗಿದುದರಲ್ಲಿದೆ.

ಇನ್ನೊಂದು ಚರಿತೆ ತಮಗೆಲ್ಲ ತಿಳಿದದ್ದೇ. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದರು. ಹೆಚ್ಚು ಅಕ್ಕಿಯಿಂದ ಹೆಚ್ಚು ಜನಕ್ಕೆ ಉಣಿಸಬಹುದಲ್ಲವೇ ಎಂದು ನಮ್ಮ ಲೋಕದ ಬುದ್ಧಿಯು ಕೇಳುತ್ತದೆ. ಸೇವೆಯ ಹೆಸರಿನಲ್ಲಿ ಒಳಹೊಕ್ಕ ಆಸೆಯೂ ಆಸೆಯೇ ಎಂಬುದು ಆ ಮಹಾತಾಯಿಯ ನಿಲುವು. ಎಷ್ಟು ಮಾಡಿದೆವೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ, ಯಾವ ಮನದಿಂದ ಮಾಡಿದೆವೆಂಬುದು ಮುಖ್ಯವಾಗಿತ್ತು. ಆ ತಾಯಿಯು ಗಂಡನ ಕೈಯನ್ನು ತಡೆದು "ಸಾಕು" ಎಂದರು. ಉಪಕಾರಿಗೆ ಅತ್ಯಂತ ಕಠಿಣವಾದ ಮಾತು ಇದೇ.

ಹಾಗಾದರೆ ಉಪಕಾರವನ್ನೇ ಬಿಟ್ಟುಬಿಡಬೇಕೇ? ಕೂಡದು. ಹಸಿದವನ ಮುಂದೆ ಕುಳಿತು ನಮ್ಮ ಮನದ ಶುದ್ಧಾಶುದ್ಧಿಯನ್ನು ತೂಗುತ್ತಿದ್ದರೆ ಅನ್ನವು ಆರಿಹೋದೀತು. ಮನದಲ್ಲಿ ಕಲ್ಮಷವಿದ್ದರೂ ಉಣಿಸಿದ ಅನ್ನವು ಹಸಿವನ್ನು ಕಳೆಯುವುದು. ಮಾಡಬೇಕಾದುದು ಇಷ್ಟೆ: ಉಪಕಾರವನ್ನು ದಾಸೋಹವಾಗಿ ಏರಿಸಬೇಕು. ಇವೆರಡಕ್ಕೂ ಇರುವ ಅಂತರವನ್ನು ನಮ್ಮ ಆಚಾರವೇ ಸ್ಪಷ್ಟವಾಗಿ ತಿಳಿಸುತ್ತದೆ.

ದಾಸೋಹವು ಹೇಗೆ ಮುಗಿಯುವುದೆಂಬುದನ್ನು ನೆನೆಯಿರಿ. ಭಕ್ತನು ಲಿಂಗಕ್ಕೆ ಅರ್ಪಿಸುವನು, ಜಂಗಮಕ್ಕೆ ನೀಡುವನು, ಅಲ್ಲಿಗೆ ಎದ್ದುಹೋಗುವನೇ? ಇಲ್ಲ. ಕೈಯೊಡ್ಡಿ ಪ್ರಸಾದವನ್ನು ಬೇಡುವನು. ನೀಡಿದ ಅದೇ ಕೈಯನ್ನು ಬೇಡುವ ಕೈಯಾಗಿ ತಿರುಗಿಸುವುದೇ ದಾಸೋಹದ ಗುಟ್ಟು. ಆದುದರಿಂದಲೇ ಅಷ್ಟಾವರಣಗಳಲ್ಲಿ ಪಾದೋದಕ ಪ್ರಸಾದಗಳಿಗೆ ಸ್ಥಾನವಿದೆ. ಷಟ್‌ಸ್ಥಲದಲ್ಲಿ ಭಕ್ತ ಮಹೇಶರನ್ನು ದಾಟಿದವನು ಪ್ರಸಾದಿಯಾಗಬೇಕಾಗಿದೆ. ಬರಿದೆ ಕೊಡಬಲ್ಲವನು ಮೊದಲ ಮೆಟ್ಟಿಲಿನಲ್ಲಿಯೇ ನಿಂತಿರುವನು. ಕೊಟ್ಟು ಪಡೆಯಬಲ್ಲವನು ಮೇಲೇರುವನು. ಪಾಶ್ಚಾತ್ಯರ ಒಂಬತ್ತು ಬಗೆಗಳು ಒಬ್ಬನು ಎಲ್ಲಿ ಸಿಕ್ಕಿಕೊಂಡಿದ್ದಾನೆಂಬುದನ್ನು ಹೇಳಿದರೆ, ನಮ್ಮ ಆರು ಸ್ಥಲಗಳು ಅಲ್ಲಿಂದ ಹೇಗೆ ಏರಬೇಕೆಂಬುದನ್ನು ಹೇಳುತ್ತವೆ.

ಇದಕ್ಕೆ ಈ ಕಾಲದ ದೃಷ್ಟಾಂತವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. 2019ನೆಯ ಇಸವಿಯ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ನಿತ್ಯವೂ ಅನ್ನವನ್ನೂ ಅಕ್ಷರವನ್ನೂ ಇತ್ತರು. ಅಷ್ಟು ಮಂದಿಗೆ ನೀಡಿದವರು ಭಕ್ತರ ಊರೂರಿಗೆ ಹೋಗಿ ಭಿಕ್ಷೆಯನ್ನು ಸ್ವೀಕರಿಸಿದವರೂ ಹೌದು. ಮಠದ ಒಲೆಯು ಉರಿದುದು ರೈತನು ಜೋಳಿಗೆಗೆ ಹಾಕಿದ ರಾಗಿಯಿಂದ. ಬೇಡಿದ ಕೈಯೇ ನೀಡುವ ಕೈಯಾದುದರಿಂದ ಅಲ್ಲಿ "ನಾನು ನೀಡಿದೆ" ಎಂಬ ಮಾತಿಗೆ ಎಡೆಯೇ ಉಳಿಯಲಿಲ್ಲ.

ಗೃಹಸ್ಥರಾದ ನಾವು ನಿತ್ಯದಲ್ಲಿ ಇದನ್ನು ಹೇಗೆ ಆಚರಿಸಬೇಕು?

ಮೊದಲನೆಯದು, ನೀಡುವ ಮುನ್ನ ಕೇಳಬೇಕು. "ಬೇಕೇ?" ಎಂಬ ಒಂದು ಮಾತಿನಿಂದ ಪಡೆಯುವವನ ಮಾನವು ಉಳಿಯುವುದು. ಬೇಡವೆಂದರೆ ನೊಂದುಕೊಳ್ಳದೆ ಹಿಂದಿರುಗಬೇಕು. ಎರಡನೆಯದು, ದಿನಕ್ಕೊಮ್ಮೆಯಾದರೂ ಪರರಿಂದ ಏನನ್ನಾದರೂ ಬಾಯಿಬಿಟ್ಟು ಕೇಳಿ ಪಡೆಯಬೇಕು. ಒಂದು ತಂಬಿಗೆ ನೀರಾದರೂ ಆದೀತು. ಉಪಕಾರಿಗೆ ಇದು ಉಪವಾಸಕ್ಕಿಂತ ಕಷ್ಟದ ವ್ರತ. ಮೂರನೆಯದು, ಪಂಚಾಚಾರಗಳಲ್ಲಿ ಭೃತ್ಯಾಚಾರವಿರುವಂತೆ ಗಣಾಚಾರವೂ ಇರುವುದನ್ನು ಮರೆಯಬಾರದು. ಸೇವಕನಾಗಿ ಬಾಗುವುದು ಭೃತ್ಯಾಚಾರ. ಅನ್ಯಾಯಕ್ಕೆ ಬಾಗದಿರುವುದು ಗಣಾಚಾರ. ಆಗದ ಕೆಲಸವನ್ನು "ಇಂದು ನನ್ನಿಂದಾಗದು" ಎಂದು ಶಾಂತವಾಗಿ ಹೇಳುವುದು ಪಾಪವಲ್ಲ. ಒಪ್ಪಿಕೊಂಡು ಮಾಡಿ, ಆಮೇಲೆ ಬೈದುಕೊಳ್ಳುವುದು ಪಾಪ. ನಾಲ್ಕನೆಯದು, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡಾಗ ಅಂದಿನ ಲೆಕ್ಕವನ್ನು ಅಲ್ಲಿಯೇ ಒಪ್ಪಿಸಿಬಿಡಬೇಕು. ಯಾರು ನಮ್ಮನ್ನು ನೆನೆಯಲಿಲ್ಲ, ಯಾರು ಮಾತನಾಡಿಸಲಿಲ್ಲ ಎಂಬುದನ್ನು ಮುಚ್ಚಿಡದೆ ಲಿಂಗದ ಮುಂದೆ ಹೇಳಿಕೊಳ್ಳಬೇಕು. ನನಗೂ ಹಸಿವಿದೆ ಎಂದು ಶಿವನೊಡನೆ ಒಪ್ಪಿಕೊಂಡವನು ಮನುಷ್ಯರೊಡನೆ ಜಗಳವಾಡಬೇಕಾಗುವುದಿಲ್ಲ.

ಇನ್ನೊಂದು ಮಾತನ್ನು ಮನೆಯ ಯಜಮಾನರಿಗೆ ಹೇಳದಿದ್ದರೆ ನಾವು ನ್ಯಾಯ ತಪ್ಪಿದಂತಾಗುವುದು. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಹುಟ್ಟಿನಿಂದ ಹೀಗಾದವರಲ್ಲ. ಕೊನೆಗೆ ಉಣ್ಣುವವಳೇ ಒಳ್ಳೆಯವಳು, ಬೇಕೆಂದು ಕೇಳುವವಳು ಗಯ್ಯಾಳಿ ಎಂದು ಎಳವೆಯಿಂದ ಅವರಿಗೆ ಕಲಿಸಿದವರು ನಾವೇ. ಹಾಗೆ ಕಲಿಸಿ, ಆಮೇಲೆ ಅವರ ಒಡಲ ಬೇಗುದಿಯು ಮಾತಾಗಿ ಹೊರಬಂದಾಗ "ಮಾಡಿದ್ದನ್ನು ಆಡಿಕೊಳ್ಳುತ್ತಾಳೆ" ಎಂದು ಮೂದಲಿಸುವುದು ಎಂಥ ಧರ್ಮ? ಮಾರಯ್ಯನವರು ಲಕ್ಕಮ್ಮನವರ ಮಾತಿಗೆ ಓಗೊಟ್ಟು ಅಕ್ಕಿಯನ್ನು ಹಿಂದಕ್ಕೆ ಒಯ್ದರು. ನಮ್ಮ ಮನೆಯ ಲಕ್ಕಮ್ಮನು "ಸಾಕು" ಎಂದರೆ ಕೇಳುವ ಕಿವಿಯು ನಮಗಿರಬೇಕು. ಅವಳು "ಸಾಕು" ಎನ್ನದಿದ್ದರೂ "ನೀನು ಉಂಡೆಯಾ?" ಎಂದು ಕೇಳುವ ಬಾಯಿಯೂ ಇರಬೇಕು.

ಜ್ವರದ ತಾಯಿಯ ಬಳಿಗೆ ಮತ್ತೊಮ್ಮೆ ಹೋಗೋಣ. ಮಾತೆಲ್ಲ ಮುಗಿದು ಮನೆಯು ಮೌನವಾಗಿದೆ. ಸೊಸೆಯು ಅಳುತ್ತ ಹೊರಗೆ ಹೋದವಳು, ಅಕ್ಕಿಯ ಗಂಜಿಯನ್ನು ಕಾಯಿಸಿ ಮರಳಿ ತಂದು, "ಅತ್ತೆ, ಸ್ವಲ್ಪ ಕುಡೀರಿ" ಎಂದು ಬಾಗಿಲಲ್ಲಿ ನಿಂತಿದ್ದಾಳೆ. ಆ ತಾಯಿಯ ಮುಂದೆ ಈಗ ಎರಡು ದಾರಿಗಳಿವೆ. "ನನಗೇನೂ ಬೇಡ, ನೀನು ಉಣ್ಣು ಹೋಗು" ಎನ್ನಬಹುದು. ಮೂವತ್ತು ವರುಷ ಅವರು ಹಾಗೆಯೇ ಎನ್ನುತ್ತ ಬಂದವರು. ಅಥವಾ ಎದ್ದು ಕೂತು, ಎರಡೂ ಕೈಗಳನ್ನೊಡ್ಡಿ, ಆ ಬಟ್ಟಲನ್ನು ತೆಗೆದುಕೊಳ್ಳಬಹುದು. ಗಂಜಿಗೆ ಉಪ್ಪು ಕಡಿಮೆಯಾಗಿರಬಹುದು. ಅದನ್ನು ಹೇಳದಿದ್ದರೂ ನಡೆಯುತ್ತದೆ. ಬಟ್ಟಲನ್ನು ತೆಗೆದುಕೊಂಡ ಆ ಗಳಿಗೆಯಲ್ಲಿ ಸೊಸೆಯು ಆ ಮನೆಯವಳಾಗುವಳು; ಭಕ್ತೆಯಾಗಿದ್ದ ತಾಯಿಯು ಪ್ರಸಾದಿಯಾಗುವಳು.

ಒಂಬೈನೂರು ವರುಷಗಳ ಹಿಂದೆ ದೊಡ್ಡಗದ್ದವಳ್ಳಿಯಲ್ಲಿ ಗುಡಿಯನ್ನು ಕಟ್ಟಿಸಿದ ದಂಪತಿಗಳ ಕೈಗಳು ಎಂದೋ ಮಣ್ಣಾದವು. ಯಾರು ಅವರನ್ನು ನೆನೆದರು, ಯಾರು ಮರೆತರು ಎಂಬ ಲೆಕ್ಕವೂ ಅವರೊಡನೆಯೇ ಮುಗಿಯಿತು. ನಮ್ಮ ಲೆಕ್ಕವನ್ನು ಅಲ್ಲಿಯವರೆಗೆ ಹೊತ್ತು ನಡೆಯುವುದೇಕೆ? ಇಂದೇ ಲಿಂಗದ ಮುಂದೆ ಇಳುಹಿ ಹಗುರಾಗೋಣ. ನೀಡುವಾಗ ಬಾಗುವ ತಲೆಯನ್ನೂ, ಪಡೆಯುವಾಗ ನಾಚದ ಕೈಯನ್ನೂ ಗುರುಕೃಪೆಯು ತಮ್ಮೆಲ್ಲರಿಗೆ ಕರುಣಿಸಲಿ.